ತುಂಬಿದ ಬಸ್‌ನಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಕೊಡುವವರನ್ನು ಕಂಡರೆ ಏನು ಮಾಡಬೇಕು?

ಸಂಜೆ ರಶ್ಶಿನ ಬಸ್‌ನಲ್ಲಿ ಒಬ್ಬ ಗಂಡಸು ಮುಂದೆ ನಿಂತಿದ್ದ ಹುಡುಗಿಗೆ ಬೇಕಂತಲೇ ಒತ್ತಿಕೊಂಡು ನಿಂತಿದ್ದ, ಅದು ಗೊತ್ತಾದರೂ ಏನು ಮಾಡಬೇಕೆಂದು ತೋಚಲಿಲ್ಲ ಅಂತ ಬರೆದಿದ್ದೀರಿ. ಇದನ್ನು ತಡೆಯುವ ದಾರಿ ಇದೆಯಾ ಅಂತಲೂ ಕೇಳಿದ್ದೀರಿ. ಇದೆ. ನಾನು ಬೆಂಗಳೂರಿನಲ್ಲಿ ಸಿಟಿ ಬಸ್ ಕಂಡಕ್ಟರ್. ಟಿಕೆಟ್ ಮಷೀನ್ ಹಿಡಿದುಕೊಂಡು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ದಿನವಿಡೀ ಓಡಾಡುವುದೇ ನನ್ನ ಕೆಲಸ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಇಂಥವರು ನಿಲ್ಲುವ ಜಾಗ ಬಹುಪಾಲು ಒಂದೇ. ಹೆಂಗಸರ ಸೀಟು ಮುಗಿದು ಗಂಡಸರ ಸೀಟು ಶುರುವಾಗುವ ಕಡೆ. ಹಿಂದೆ ಜಾಗ ಖಾಲಿ ಇದ್ದರೂ ಅಲ್ಲಿಂದ ಕದಲುವುದಿಲ್ಲ. ಕೈಯಲ್ಲಿ ಬ್ಯಾಗು, ಇಲ್ಲವೇ ಫೋನು. ಡ್ರೈವರ್ ಬ್ರೇಕ್ ಹಾಕಿದ್ದೇ ನೆಪ. ಇನ್ನು ಕೆಲವರು ಕೂತೇ ಮಾಡುತ್ತಾರೆ: ಮುಂದಿನ ಸೀಟಿಗೂ ಕಿಟಕಿಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸುವುದು. ಇದನ್ನು ಓದುವ ಹೆಂಗಸರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಮ್ಮನ ಕಾಲದವರು ಸೀರೆಗೆ ಒಂದು ಸೇಫ್ಟಿ ಪಿನ್ ಜಾಸ್ತಿ ಸಿಕ್ಕಿಸಿಕೊಂಡು ಬಸ್ ಹತ್ತುತ್ತಿದ್ದರು. ಈಗಿನ ಹುಡುಗಿಯರ ಬ್ಯಾಗಿನಲ್ಲೂ ಆ ಪಿನ್ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ತಾಯಿ ಮಾಡಿದ ಉಪಾಯವನ್ನೇ ಮಗಳೂ ಮಾಡಬೇಕಾ?

ಇವನಿಗೆ ಧೈರ್ಯ ಕೊಡುವುದು ರಶ್ಶು, ಮತ್ತೆ ಸುತ್ತಲಿನವರ ಮೌನ. ಯಾರಾದರೂ ಗಮನಿಸುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಇಂಥವರಲ್ಲಿ ಅರ್ಧ ಜನ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತಾರೆ. ಹಾಗಾಗಿ ನಿಮ್ಮಿಂದ ಆಗುವ ಕೆಲಸ ದೊಡ್ಡದೇ. ನೀವು ಅವನ ಮತ್ತು ಆ ಹುಡುಗಿಯ ನಡುವೆ ಬಂದು ನಿಂತುಬಿಡಿ. "ಸ್ವಲ್ಪ ಹಿಂದೆ ಹೋಗಿ ಸಾರ್, ಜಾಗ ಇದೆ" ಅಂತ ಜೋರಾಗಿ ಹೇಳಿ. ಆ ಹುಡುಗಿಗೆ "ಮೇಡಂ, ನೀವು ಈ ಕಡೆ ಬನ್ನಿ" ಅನ್ನಿ. ಕೂತಿದ್ದರೆ ಎದ್ದು ನಿಮ್ಮ ಸೀಟು ಕೊಡಿ. ಸಿಟ್ಟು ತೋರಿಸಬೇಕಾಗಿಯೂ ಇಲ್ಲ. ನನ್ನ ಟ್ರಿಪ್‌ಗಳಲ್ಲಿ ಇಷ್ಟಕ್ಕೇ ನಿಂತು ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ದಯವಿಟ್ಟು ಹೊಡೆಯಲು ಹೋಗಬೇಡಿ. ಬಸ್‌ನಲ್ಲಿ ಒಬ್ಬ ಕೈ ಎತ್ತಿದರೆ ಹತ್ತು ಜನ ಸೇರುತ್ತಾರೆ. ಆಮೇಲೆ ಅದು ಗಂಡಸರ ಜಗಳ ಆಗಿಬಿಡುತ್ತದೆ. ಆ ಗಲಾಟೆಯಲ್ಲಿ ಹುಡುಗಿ ಮುಜುಗರದಿಂದ ಇಳಿದು ಹೋಗುತ್ತಾಳೆ, ಅವನೂ ತಪ್ಪಿಸಿಕೊಳ್ಳುತ್ತಾನೆ, ದೂರು ಮಾತ್ರ ದಾಖಲಾಗುವುದಿಲ್ಲ. ಮೊದಲು ಅವಳನ್ನು ಕೇಳಿ: ಏನು ಮಾಡೋಣ, ಕಂಡಕ್ಟರ್‌ಗೆ ಹೇಳಲಾ, ಪೊಲೀಸರಿಗೆ ಫೋನ್ ಮಾಡಲಾ? ಅವಳು ಹೇಳಿದಂತೆ ನಡೆಯಿರಿ. ವಿಡಿಯೋ ಮಾಡಿದರೆ ಅದನ್ನು ಅವಳ ಕೈಗೆ ಕೊಡಿ, ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಕಂಡಕ್ಟರ್‌ಗೆ ಹೇಳುವಾಗ ಬಟ್ಟೆಯ ಗುರುತು ಹೇಳಿ. "ಮೇಡಂ, ನೀಲಿ ಚೆಕ್ಸ್ ಶರ್ಟ್, ಮೂರನೇ ಸೀಟಿನ ಹತ್ತಿರ" ಅಂದರೆ ನಮಗೆ ಸಾಕು. ಒಂದು ವಿಸಿಲ್ ಹೊಡೆದರೆ ಡ್ರೈವರ್ ಗಾಡಿ ನಿಲ್ಲಿಸುತ್ತಾರೆ. ಹತ್ತಿರದ ಠಾಣೆಗೇ ಬಸ್ ತಿರುಗಿಸಬಹುದು. ಆದರೆ ಅಲ್ಲಿಯೇ ನಮ್ಮ ಕೈ ಕಟ್ಟಿ ಹಾಕುವುದು ಉಳಿದ ಪ್ರಯಾಣಿಕರು. "ಲೇಟಾಗುತ್ತೆ, ಅವನನ್ನು ಇಳಿಸಿ ನಡೀರಿ" ಅಂತ ನಾಲ್ಕು ಕಡೆಯಿಂದ ಕೂಗು ಬರುತ್ತದೆ. ಇಳಿಸಿದರೆ ಅವನು ಹಿಂದೆ ಬರುವ ಬಸ್ ಹತ್ತುತ್ತಾನೆ, ಅಷ್ಟೇ. ಅಂಥ ಹೊತ್ತಿನಲ್ಲಿ "ಠಾಣೆಗೆ ಹೋಗಲಿ, ನಾನು ಸಾಕ್ಷಿ ಹೇಳುತ್ತೇನೆ" ಅಂತ ಒಬ್ಬರು ಎದ್ದು ನಿಂತರೆ ಇಡೀ ಬಸ್ಸಿನ ಮಾತು ಬದಲಾಗುತ್ತದೆ. ಆ ಒಬ್ಬರು ನೀವಾಗಿರಿ.

ಕಾನೂನು ಬಲವಾಗಿಯೇ ಇದೆ, ಜನರಿಗೆ ಗೊತ್ತಿಲ್ಲ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಣ್ಣಿನ ಮಾನಕ್ಕೆ ಧಕ್ಕೆ ತರುವಂತೆ ಮೈಮೇಲೆ ಕೈ ಹಾಕಿದರೆ ಅದರ 74ನೇ ಕಲಂ. ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಜೈಲು. ಅಶ್ಲೀಲ ಮಾತು, ಬೇಡವೆಂದರೂ ಮೈ ತಾಗಿಸುವುದು 75ನೇ ಕಲಂಗೆ ಬರುತ್ತದೆ. ಬೇಡವೆಂದರೂ ಮತ್ತೆ ಮತ್ತೆ ಹಿಂಬಾಲಿಸಿ ಮಾತಾಡಿಸಲು ಬಂದರೆ 78. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. "ಇದು ನಮ್ಮ ವ್ಯಾಪ್ತಿ ಅಲ್ಲ" ಅನ್ನುವ ಹಾಗಿಲ್ಲ, ಝೀರೋ ಎಫ್‌ಐಆರ್ ಬರೆದುಕೊಳ್ಳಲೇಬೇಕು. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಹೆಣ್ಣುಮಗಳು ಹೇಳುವುದನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 74ನೇ ಕಲಂನ ದೂರು ದಾಖಲಿಸದ ಅಧಿಕಾರಿಗೇ 199ನೇ ಕಲಂ ಪ್ರಕಾರ ಜೈಲು ಶಿಕ್ಷೆ ಇದೆ. ಅದನ್ನು ಠಾಣೆಯಲ್ಲಿ ಧೈರ್ಯವಾಗಿ ಹೇಳಿ.

ಟಿಕೆಟ್ ಬಿಸಾಡಬೇಡಿ. ಬಸ್ಸಿನ ನಂಬರ್, ರೂಟ್ ನಂಬರ್, ಸಮಯ ಬರೆದಿಟ್ಟುಕೊಳ್ಳಿ. ಬಸ್ಸಿನ ಕ್ಯಾಮೆರಾ ರೆಕಾರ್ಡಿಂಗ್ ತುಂಬಾ ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಬರುತ್ತದೆ. ಆದ್ದರಿಂದ ದೂರು ತಡ ಮಾಡಬಾರದು. ಬಸ್‌ನಲ್ಲಿ, ಮೆಟ್ರೋದಲ್ಲಿ ಆದರೆ 112ಕ್ಕೆ, ರೈಲಿನಲ್ಲಾದರೆ 139ಕ್ಕೆ ಫೋನ್ ಮಾಡಿ. ಮೆಟ್ರೋದಲ್ಲಿ ಕದ್ದು ವಿಡಿಯೋ ತೆಗೆಯುವುದೂ ಇದೇ ಜಾತಿಯ ಕೆಲಸ. 2025ರ ಮೇನಲ್ಲಿ ನಮ್ಮ ಮೆಟ್ರೋದ ಹೆಣ್ಣುಮಕ್ಕಳ ವಿಡಿಯೋ ಹಾಕುತ್ತಿದ್ದ ಇನ್‌ಸ್ಟಾಗ್ರಾಮ್ ಪುಟದ ಮೇಲೆ ಬೆಂಗಳೂರು ಪೊಲೀಸರು ಕೇಸು ಹಾಕಿ ಒಬ್ಬನನ್ನು ಬಂಧಿಸಿದರು. ಯಾರೋ ಗಮನಿಸಿ ದನಿ ಎತ್ತಿದ್ದರಿಂದಲೇ ಅದು ಹೊರಗೆ ಬಂತು.

ನನ್ನನ್ನು ತುಂಬಾ ಕಾಡುವುದು ಶಾಲೆ ಮಕ್ಕಳ ವಿಷಯ. ಬೆಳಿಗ್ಗೆ ಯೂನಿಫಾರ್ಮ್ ಹಾಕಿದ ಹುಡುಗಿಯರು ಭಾರದ ಬ್ಯಾಗ್ ಹೊತ್ತು ಹತ್ತುತ್ತಾರೆ. ಏನಾಗುತ್ತಿದೆ ಅಂತಲೇ ಎಷ್ಟೋ ಮಕ್ಕಳಿಗೆ ತಿಳಿಯುವುದಿಲ್ಲ. ತಿಳಿದರೂ ಮನೆಯಲ್ಲಿ ಹೇಳಿದರೆ ಸ್ಕೂಲ್ ಬಿಡಿಸುತ್ತಾರೆ ಅನ್ನುವ ಭಯ. 18 ತುಂಬದ ಮಕ್ಕಳಿಗೆ ಹೀಗಾದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಬರುತ್ತದೆ, ಕನಿಷ್ಠ 3 ವರ್ಷ ಜೈಲು. ಬಟ್ಟೆಯ ಮೇಲೆ ಮುಟ್ಟಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಬಾಂಬೆ ಹೈಕೋರ್ಟ್ ಒಮ್ಮೆ ಹೇಳಿತ್ತು. ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಮಕ್ಕಳ ವಿಷಯದಲ್ಲಿ ಗೊತ್ತಿದ್ದೂ ತಿಳಿಸದೆ ಸುಮ್ಮನಿರುವುದು ತಪ್ಪು ಅಂತ ಪೋಕ್ಸೋ ಕಾಯ್ದೆಯೇ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು ಹೇಳಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್‌ನಲ್ಲಿ ಹೆಣ್ಣುಮಕ್ಕಳು ಜಾಸ್ತಿಯಾದರು. ಯಾರಾದರೂ ದೂರು ಹೇಳಿದರೆ "ಫ್ರೀ ಬಸ್ಸಲ್ಲಿ ಬಂದು ಹೀಗಂದ್ರೆ ಹೇಗಮ್ಮ, ರಶ್ ಇದ್ರೆ ತಾಗುತ್ತೆ" ಅನ್ನುವವರು ಇದ್ದಾರೆ. ರಶ್ಶಿನಲ್ಲಿ ತಾಗುವುದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗದ ಹೆಂಗಸು ಒಬ್ಬಳೂ ಇಲ್ಲ. ತಾಗಿದವನು ಸರಿದು ನಿಲ್ಲುತ್ತಾನೆ, ಇವನು ಸರಿಯುವುದಿಲ್ಲ. ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಕಾಲೇಜಿಗೆ ಹೋಗುವವರು ಝೀರೋ ಟಿಕೆಟ್‌ನಲ್ಲಿ ಬಂದರು ಅಂತ ಅವರ ಮರ್ಯಾದೆ ಝೀರೋ ಆಗುತ್ತದೆಯೇ?

ಸರ್ಕಾರ ಏನು ಮಾಡಬೇಕು ಅಂತ ಕೇಳಿದರೆ, ಮೊದಲು ಪೀಕ್ ಅವರ್‌ಗೆ ಇನ್ನಷ್ಟು ಬಸ್. ಉಸಿರಾಡಲು ಜಾಗ ಇದ್ದರೆ ಇಂಥವನಿಗೆ ನೆಪ ಸಿಗುವುದಿಲ್ಲ. 2012ರ ಡಿಸೆಂಬರ್‌ನ ದೆಹಲಿ ಬಸ್ ಘಟನೆಯ ನಂತರ ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಕೇಂದ್ರದ ನಿರ್ಭಯಾ ನಿಧಿ ಬಂತು, ಬಸ್‌ಗಳಿಗೆ ಕ್ಯಾಮೆರಾ, ಪ್ಯಾನಿಕ್ ಬಟನ್ ಬಂದವು. ಒಳ್ಳೆಯದೇ. ಆದರೆ ರಶ್ಶಿನಲ್ಲಿ ಕೈ ಎತ್ತಲೂ ಆಗದವಳಿಗೆ ಆ ಬಟನ್ ಎಟುಕಬೇಕಲ್ವಾ? ಅವಳ ಹತ್ತಿರ ಇರುವುದು ಕಂಡಕ್ಟರ್. ತಮಿಳುನಾಡು 2022ರಲ್ಲಿ ತನ್ನ ಮೋಟಾರು ವಾಹನ ನಿಯಮ ತಿದ್ದಿ, ದಿಟ್ಟಿಸುವ, ಸಿಳ್ಳೆ ಹೊಡೆಯುವ, ಕಣ್ಣು ಹೊಡೆಯುವ ಗಂಡಸರನ್ನು ಇಳಿಸುವ ಅಥವಾ ಪೊಲೀಸರಿಗೆ ಒಪ್ಪಿಸುವ ಅಧಿಕಾರವನ್ನು ಕಂಡಕ್ಟರ್‌ಗೆ ಬಿಡಿಸಿ ಬರೆದುಕೊಟ್ಟಿತು. ಅಷ್ಟು ಸ್ಪಷ್ಟವಾಗಿ ಇಲ್ಲೂ ಬೇಕು.

ಇಳಿದ ಮೇಲಿನ ನಡಿಗೆಯೂ ಪ್ರಯಾಣದ ಭಾಗವೇ. ಸ್ಟಾಪಿನಿಂದ ಮನೆವರೆಗೆ ದೀಪವಿಲ್ಲದ ರಸ್ತೆ, ಖಾಲಿ ಸೈಟು. ಕೆನಡಾದ ಟೊರೊಂಟೊದಲ್ಲಿ 1991ರಿಂದ, ಮಾಂಟ್ರಿಯಲ್‌ನಲ್ಲಿ 1996ರಿಂದ ರಾತ್ರಿ ಹೊತ್ತು ಒಂಟಿ ಹೆಂಗಸು ಕೇಳಿದರೆ ಎರಡು ಸ್ಟಾಪುಗಳ ನಡುವೆಯೂ ಬಸ್ ನಿಲ್ಲಿಸುವ ಪದ್ಧತಿ ಇದೆ. ನಮ್ಮಲ್ಲೂ ಎಷ್ಟೋ ಡ್ರೈವರಣ್ಣಂದಿರು ರಾತ್ರಿ ಟ್ರಿಪ್‌ನಲ್ಲಿ ಮನೆ ತಿರುವಿನಲ್ಲೇ ಗಾಡಿ ನಿಧಾನ ಮಾಡಿ ಇಳಿಸುತ್ತಾರೆ. ಆದರೆ ಸ್ಟಾಪ್ ಅಲ್ಲದ ಕಡೆ ಇಳಿಸಿ ಏನಾದರೂ ಆದರೆ ಜವಾಬ್ದಾರಿ ಅವರ ತಲೆಗೇ ಬರುತ್ತದೆ. ಅದಕ್ಕೇ ಆ ಅನುಮತಿ ಬರಹದಲ್ಲಿ ಬೇಕು, ರಾತ್ರಿ ಓಡುವ ಪ್ರತಿ ಬಸ್ಸಿಗೂ.