ನೀರು ತಳದಲ್ಲಿ, ಪಂಪೂ ತಳದಲ್ಲಿ

ಓದುಗರೊಬ್ಬರ ಪತ್ರ: ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಕಾರು ಜರ್ಕ್ ಹೊಡೆದು ನಿಂತಿತಂತೆ. ಇಪ್ಪತ್ತು ಸಲ ಸೆಲ್ಫ್ ಹೊಡೆದರೂ ಏಳಲಿಲ್ಲ. ಪೆಟ್ರೋಲಿನಲ್ಲಿ ನೀರಿದೆ ಅಂದರು ಮೆಕ್ಯಾನಿಕ್. "ಅಷ್ಟು ಪೆಟ್ರೋಲಿನಲ್ಲಿ ಒಂಚೂರು ನೀರಿದ್ದರೆ ಇಷ್ಟೆಲ್ಲಾ ಆಗುತ್ತಾ? ಇಂಜಿನ್ ಹೋಯ್ತಾ?" ಎಂದು ಕೇಳಿದ್ದಾರೆ.

ಪೆಟ್ರೋಲ್ ಕಾರಲ್ವಾ, ಇಂಜಿನ್ ಉಳಿದಿರುವ ಸಾಧ್ಯತೆಯೇ ಜಾಸ್ತಿ. ಆದರೆ ಆ ಇಪ್ಪತ್ತು ಸಲದ ಸೆಲ್ಫ್ ಬೇಡವಾಗಿತ್ತು.

ನೀರು ಪೆಟ್ರೋಲಿನ ತುಂಬ ಹರಡಿಕೊಂಡು ಇರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ, ನೀರು 1000 ಗ್ರಾಂ. ನೀರು ಸೀದಾ ತಳಕ್ಕಿಳಿಯುತ್ತದೆ. ಪಂಪು ಹೀರುವುದೂ ತಳದಿಂದಲೇ. ಮೇಲೆ 35 ಲೀಟರ್ ಒಳ್ಳೆ ಪೆಟ್ರೋಲ್ ಇದ್ದರೂ ಇಂಜಿನ್ ಬಾಯಿಗೆ ಬೀಳುವುದು ಆ ಒಂಚೂರು ನೀರೇ. ಪ್ಲಗ್ ಕಿಡಿ ಹಾರಿಸುತ್ತದೆ, ಹೊತ್ತಿಕೊಳ್ಳಲು ಏನೂ ಇರುವುದಿಲ್ಲ. ಅದೇ ಜರ್ಕ್. ಸೆಲ್ಫ್ ಹೊಡೆದಷ್ಟೂ ಪಂಪು ಇನ್ನಷ್ಟು ನೀರನ್ನೇ ಎಳೆಯುತ್ತದೆ.

ಎಥನಾಲ್ ಬೆರೆಸಿದ ಪೆಟ್ರೋಲ್ ಇನ್ನೊಂದು ಆಟ ಆಡುತ್ತದೆ. ಸ್ವಲ್ಪ ನೀರನ್ನು ಎಥನಾಲ್ ಕುಡಿದು ಸುಮ್ನಿರುತ್ತದೆ. ಮಿತಿ ದಾಟಿತೋ, ಪೆಟ್ರೋಲಿನ ಸಹವಾಸ ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗುತ್ತದೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್, ಅಂದರೆ ಇಂಜಿನ್ ಬಡಿತ ತಡೆಯುವ ಗುಣ, ಕೂಡ ಇಳಿದಿರುತ್ತದೆ. ಅದಕ್ಕೇ ನೀರು ಹೀರುವ ಔಷಧದ ಬಾಟಲಿ ಚಮಚದಷ್ಟು ನೀರಿಗೆ ಸರಿ, ಲೀಟರುಗಟ್ಟಲೆ ನೀರಿಗೆ ದುಡ್ಡು ದಂಡ.

ಅನುಮಾನ ಇದ್ದರೆ ಟ್ಯಾಂಕಿನ ತಳದಿಂದ ತೆಗೆಸಿದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಹದಿನೈದು ನಿಮಿಷ ಅಲುಗಿಸದೆ ಇಡಿ. ಬೆಂಕಿಯಿಂದ ದೂರ, ಹೇಳಬೇಕಾಗಿಲ್ಲ. ನೀರಿದ್ದರೆ ನಡುವೆ ಗೆರೆ ಎಳೆದ ಹಾಗೆ ಎರಡು ಪದರ ಕಾಣುತ್ತದೆ. ಕೆಳಗಿನದು ನೀರೇನಾ ಅಂತ ಗೊತ್ತಾಗಬೇಕಾದರೆ ನಾಲ್ಕು ಹನಿ ನೀರು ಬಿಡಿ. ಅವು ಮೇಲಿನ ಪದರ ದಾಟಿ ಕೆಳಗಿನದರಲ್ಲಿ ಸೇರಿ ಮಾಯವಾಗುತ್ತವೆ. ಆ ಬಾಟಲಿಯನ್ನು ಬಂಕಿನ ಬಿಲ್ ಜೊತೆ ಜೋಪಾನ ಮಾಡಿ, ಜಗಳಕ್ಕೆ ಬೇಕಾಗುತ್ತದೆ.

ಡೀಸೆಲ್ ಕಾರಾಗಿದ್ದರೆ ನಾನು ಇಷ್ಟು ನಿಶ್ಚಿಂತೆಯಿಂದ ಬರೆಯುತ್ತಿರಲಿಲ್ಲ. ಅಲ್ಲಿ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಎಣ್ಣೆ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ, ಅಂದರೆ ಕಾಮನ್ ರೈಲ್‌ನ ಒತ್ತಡ 2000 ಬಾರ್‌ವರೆಗೂ ಹೋಗುತ್ತದೆ. ಅಷ್ಟು ಒತ್ತಡದಲ್ಲಿ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಆಮೇಲೆ ತುಕ್ಕು. ಫಿಲ್ಟರಿನಲ್ಲಿ ನೀರು ತಡೆಯುವ ಬಟ್ಟಲು ಇರುತ್ತದೆ, ಅದು ತುಂಬುವವರೆಗೆ ಮಾತ್ರ ರಕ್ಷಣೆ.

ನಿಮ್ಮ ಕಾರಿಗೆ ಈಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಲೈನ್ ತೊಳೆಸಿ, ಫಿಲ್ಟರ್ ಬದಲಿಸಿ. ಸ್ಟಾರ್ಟ್ ಆದ ಮೇಲೆ ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ.

– ಸಂಪಾದಕ