ಕೆಂಪು ಸುತ್ತು ಹಾಕಿದ ರಾತ್ರಿಗಳು

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರು, ವಯಸ್ಸು 26. ಹೆಸರು ಬೇಡ, ಗುರುತು ಸಿಗದ ಹಾಗೆ ಒಂದೆರಡು ವಿವರವನ್ನೂ ಬದಲಿಸಿದ್ದೇನೆ. ರಾತ್ರಿ ನಿದ್ದೆ ಇಲ್ಲ, ಸುಮ್‌ಸುಮ್ನೆ ಸಿಟ್ಟು ಬರುತ್ತದೆ ಅಂತ ಅಕ್ಕನ ಒತ್ತಾಯಕ್ಕೆ ಬಂದಿದ್ದರು. ಊಟದ ವಿಷಯ ಎದ್ದಿದ್ದು ಅರ್ಧ ಗಂಟೆ ಆದ ಮೇಲೆ, ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಾಗ.

ಎತ್ತಿದ ತೂಕ, ತಿಂದ ಗ್ರಾಂ, ಕ್ಯಾಲರಿ, ಎಲ್ಲವನ್ನೂ ಮೂರು ತಿಂಗಳಿಂದ ಒಂದು ದಿನವೂ ತಪ್ಪದೆ ಬರೆದಿದ್ದರು. ಸಂಜೆ 6ರ ನಂತರ ಬರೀ ಮೊಟ್ಟೆ, ಕೋಳಿ, ತರಕಾರಿ. ಅಲ್ಲಲ್ಲಿ ಕೆಂಪು ಪೆನ್ನಿನ ಸುತ್ತು. ಒಳಗೆ ‘ಬ್ರೆಡ್ 5’, ‘ಬ್ರೆಡ್ 6, ಜಾಮ್’.

“ಇದೇನು?” ಅಂದೆ.

“ನಾನು ಸೋತ ದಿನಗಳು, ಮೇಡಂ.”

ಜಿಮ್ ಮುಗಿಸಿ ಮನೆಗೆ ಬರುವಾಗ ಎಂಟೂವರೆ. ರಾತ್ರಿ ತಿಂದ ಕಾರ್ಬ್ಸ್ (ಅನ್ನ, ಬ್ರೆಡ್‌ನಂಥವುಗಳಲ್ಲಿರುವ ಪಿಷ್ಟ, ಸಕ್ಕರೆ) ಎಲ್ಲ ಕೊಬ್ಬಾಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಚಿಕ್ಕಂದಿನಲ್ಲಿ ದಪ್ಪಗಿದ್ದವರು, ಆ ಮಾತು ಎದೆಗೆ ನಾಟಿತ್ತು. ಹಸಿದೇ ಮಲಗುತ್ತಿದ್ದರು, ಎರಡು ಗಂಟೆಗೆ ಎಚ್ಚರ. ಮನೆಯವರು ಏಳಬಾರದು ಅಂತ ಲೈಟ್ ಹಾಕದೆ, ಫ್ರಿಜ್‌ನ ಬೆಳಕಲ್ಲೇ ನಿಂತುಕೊಂಡು ಬ್ರೆಡ್ ತಿನ್ನುವುದು. ಬೆಳಗ್ಗೆ ಅದಕ್ಕೆ ಶಿಕ್ಷೆಯಾಗಿ ತಿಂಡಿ ಅರ್ಧ. ತೂಕ ಮಾತ್ರ 62 ಕೆಜಿ ಬಿಟ್ಟು ಕದಲಿರಲಿಲ್ಲ.

ನಮ್ಮಲ್ಲಿನ ಡಯಟಿಷಿಯನ್ ಜೊತೆ ಕೂತು ಲೆಕ್ಕ ನೋಡಿದೆವು. ಪ್ರೋಟೀನ್ ದಿನಕ್ಕೆ 120 ಗ್ರಾಂ, ಧಾರಾಳ. ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಸಿಕ್ಕರೆ ಸ್ನಾಯು ಬೆಳೆಯಲು ಹೆಚ್ಚಿನವರಿಗೆ ಸಾಕು. ಆದರೆ ಒಟ್ಟು ಊಟ 1900 ಕ್ಯಾಲರಿ. ಅವರ ತೂಕಕ್ಕೆ, ಅವರ ವರ್ಕೌಟ್‌ಗೆ, ಮೈ ಬೆಳೆಯಬೇಕಾದರೆ 2500ರ ಆಸುಪಾಸು ಬೇಕಿತ್ತು. ಅದರ ಹತ್ತಿರ ಹೋಗಿದ್ದು ಕೆಂಪು ಸುತ್ತಿನ ದಿನಗಳು ಮಾತ್ರ! ಇದನ್ನು ತೋರಿಸಿದಾಗ ಅವರು ಪುಟ ತಿರುವಿ ತಿರುವಿ ನೋಡಿದರು. ನಾನೂ ಸುಮ್ಮನಿದ್ದೆ.

ಆಮೇಲೆ ವಿವರಿಸಿದೆ. ಕೊಬ್ಬು ಕೂಡುವುದು ದಿನಗಟ್ಟಲೆ, ವಾರಗಟ್ಟಲೆ ಬೇಕಾದ್ದಕ್ಕಿಂತ ಜಾಸ್ತಿ ತಿಂದಾಗ. ಒಂದು ಗ್ರಾಂ ಕಾರ್ಬ್ಸ್‌ಗೆ ಮಧ್ಯಾಹ್ನವೂ 4 ಕ್ಯಾಲರಿ, ರಾತ್ರಿಯೂ ನಾಲ್ಕೇ. ಭಾರ ಎತ್ತುವಾಗ ಸ್ನಾಯು ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖರ್ಚಾಗುತ್ತದೆ. ಅದು ಮತ್ತೆ ತುಂಬಿಕೊಳ್ಳುವುದು ಮುಖ್ಯವಾಗಿ ತಿಂದ ಕಾರ್ಬ್ಸ್‌ನಿಂದ. ಸಂಜೆ ವರ್ಕೌಟ್ ಮಾಡುವವರಿಗೆ ತುಂಬುವ ಹೊತ್ತು ರಾತ್ರಿ ಅಲ್ವಾ? ಹಾಗಂತ ಮಲಗುವ ಮುಂಚೆ ತಿಂದ ಕಾರ್ಬ್ಸ್ ತಾನಾಗಿ ಸ್ನಾಯು ಕಟ್ಟುತ್ತದೆ ಅಂತಲೂ ನಾನು ಹೇಳಲಿಲ್ಲ. ಒಟ್ಟು ಊಟ, ಪ್ರೋಟೀನ್, ವರ್ಕೌಟ್, ನಿದ್ದೆ ಸರಿಯಿದ್ದರೆ ಗಡಿಯಾರದ ಪಾತ್ರ ಚಿಕ್ಕದು.

ಕೊಟ್ಟ ಸಲಹೆ ಇಷ್ಟು. ಜಿಮ್‌ನಿಂದ ಬಂದ ಕೂಡಲೇ ಮೊಟ್ಟೆ, ಕೋಳಿ ಜೊತೆ ಅನ್ನವನ್ನೋ ಬ್ರೆಡ್ಡನ್ನೋ ಹೊಟ್ಟೆ ತುಂಬ ತಿನ್ನಿ, ತಟ್ಟೆ ಹಾಕಿಕೊಂಡು, ಕೂತುಕೊಂಡು. ಊಟಕ್ಕೂ ನಿದ್ದೆಗೂ ಎರಡು ಗಂಟೆ ಬಿಡಿ, ಹೊಟ್ಟೆ ಬಿರಿಯುವಷ್ಟು ತಿಂದು ಮಲಗಿದರೆ ಎದೆಯುರಿ ಬರಬಹುದು. ಮಲಗುವಾಗ ಹಸಿವಾದರೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ತಿಂಡಿ ಅರ್ಧ ಮಾಡುವ ಶಿಕ್ಷೆ ಬಂದ್. ತೂಕ ದಿನಾ ನೋಡಿದರೂ ವಾರದ ಸರಾಸರಿಯನ್ನೇ ನಂಬಿ, ಸೊಂಟಕ್ಕೆ ಟೇಪ್ ಹಿಡಿಯಿರಿ. ಕೆಂಪು ಪೆನ್ ನನ್ನ ಹತ್ತಿರ ಇರಲಿ. (ಸಕ್ಕರೆ ಕಾಯಿಲೆ ಇರುವವರು ಇದನ್ನು ಹಾಗೇ ಪಾಲಿಸಬಾರದು, ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.)

ಮೊದಲ ವಾರ ತೂಕ ಒಂದು ಕಿಲೋ ಏರಿತು. ಗಾಬರಿಯಿಂದ ಫೋನ್ ಮಾಡಿದರು. ಗ್ಲೈಕೋಜನ್ ತುಂಬುವಾಗ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಇದನ್ನು ಮೊದಲೇ ಹೇಳಬೇಕಿತ್ತು. ನನ್ನದೇ ತಪ್ಪು.

ಎಂಟು ವಾರದ ಹೊತ್ತಿಗೆ 64 ಕೆಜಿ. ಸೊಂಟ ಹೆಚ್ಚುಕಡಿಮೆ ಅಷ್ಟೇ. ಎರಡು ಗಂಟೆಯ ಎಚ್ಚರ ವಾರಕ್ಕೊಮ್ಮೆಗೆ ಇಳಿದಿತ್ತು. ಎಚ್ಚರವಾದಾಗ ಈಗ ಅಡುಗೆಮನೆಯ ಲೈಟ್ ಹಾಕಿಕೊಳ್ಳುತ್ತಾರಂತೆ.