ಕಲ್ಲಿದ್ದಲು ಹಾಕಿದ ಕೂಡಲೇ ಸ್ಟೋವ್ ಆರುತ್ತಿದೆ ಅಂದವರಿಗೆ

ಸ್ಕ್ರ್ಯಾಂಟನ್ ಹತ್ತಿರ ಕೊಂಡ ಮನೆಯಲ್ಲಿ ಹಳೇ ಕಲ್ಲಿದ್ದಲ ಸ್ಟೋವ್ ಇದೆ, ಸೌದೆ ಉರಿಯುತ್ತೆ ಆದರೆ ಕಲ್ಲಿದ್ದಲು ಹಾಕಿದರೆ ಆರಿಹೋಗುತ್ತೆ ಅಂದಿದ್ದೀರಿ, ಅಲ್ವಾ? ಅಮೆರಿಕದ ಪೆನ್ಸಿಲ್ವೇನಿಯಾದ ಆ ಕಡೆ ಸಿಗುವುದು ಆಂತ್ರಸೈಟ್ ಅನ್ನುವ ಬಗೆಯ ಕಲ್ಲಿದ್ದಲು. ಬಲು ಗಟ್ಟಿ, ನಿಧಾನಕ್ಕೆ ಹತ್ತುತ್ತದೆ. ಅದಕ್ಕೆ ಗಾಳಿ ಕೆಳಗಿನ ಜಾಲರಿಯಿಂದಲೇ ಬರಬೇಕು.

ಮೊದಲು ಸೌದೆಯಿಂದ ಒಳ್ಳೇ ಕೆಂಡ ಮಾಡಿಕೊಳ್ಳಿ. ಕೆಳಗಿನ ಗಾಳಿಕಿಂಡಿ ಪೂರ್ತಿ ತೆರೆದು ತೆಳುವಾಗಿ ಕಲ್ಲಿದ್ದಲು ಹರಡಿ. ಚಟಪಟ ಅಂದು, ಸಂದುಗಳಲ್ಲಿ ನೀಲಿ ಜ್ವಾಲೆ ಎದ್ದರೆ ಹತ್ತಿತು ಅಂತ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಒಳಗಿನ ಇಟ್ಟಿಗೆಯ ಮಟ್ಟಕ್ಕೆ ತುಂಬಿ. ಜಿಪುಣತನ ಬೇಡ, ತೆಳು ಹಾಸು ಆರಿಯೇ ಆರುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಕೆಂಡ ಕಾಣುತ್ತಿರಲಿ. ಇಲ್ಲದಿದ್ದರೆ ಅನಿಲ ಸೇರಿಕೊಂಡು ಡಬ್ಬನೆ ಹೊತ್ತಿಕೊಳ್ಳಬಹುದು. ಉರಿ ಒಂದೇ ಸಮನೆ ನೆಲೆಗೊಂಡ ಮೇಲೆ ಗಾಳಿ ಕಡಿಮೆ ಮಾಡಿ.

ಮೇಲಿಂದ ಕೆದಕಬೇಡಿ! ಸೌದೆ ಒಲೆ ರೂಢಿಯಿದ್ದವರಿಗೆ ಕೈ ಸುಮ್ನೆ ಇರುವುದಿಲ್ಲ, ಗೊತ್ತು. ಬೂದಿ ಉದುರಿಸಲು ಜಾಲರಿಯ ಹಿಡಿ ಅಲ್ಲಾಡಿಸಿ, ಕೆಳಗೆ ಕೆಂಡ ಬೀಳತೊಡಗಿದರೆ ನಿಲ್ಲಿಸಿ. ಕೈಯಿಂದ ತುಂಬುವ ಸ್ಟೋವ್‌ಗೆ ಸಾಮಾನ್ಯವಾಗಿ 'ನಟ್' ಅನ್ನುವ ಗಾತ್ರದ ಕಲ್ಲಿದ್ದಲು ಕೇಳಿ. 'ರೈಸ್' ಅನ್ನುವ ಸಣ್ಣದು ತಾನೇ ತುಂಬಿಕೊಳ್ಳುವ ಸ್ಟೋಕರ್‌ಗಳಿಗೆ.

ಇನ್ನು ಮುಂದೆ ಹಚ್ಚುವ ಮೊದಲು ಚಿಮಣಿ ಪರೀಕ್ಷೆ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗುವ ಕೋಣೆಯ ಹತ್ತಿರ ಅದರ ಅಲಾರಂ ಇರಲೇಬೇಕು. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್‌ನಲ್ಲಿ ಮನೆಯಿಂದ ಹೊರಗಿಡಿ.